ಮೂರು ದಿನದ ಕಥೆ, ಐದು ವಾರದ ಬೆಳಕು

ನಾರ್ವೆಯ ಈಶಾನ್ಯ ತುದಿಯಲ್ಲಿರುವ ವಾರಂಗರ್ ಪರ್ಯಾಯ ದ್ವೀಪದಲ್ಲಿ ಫೆಬ್ರವರಿ 1ರಂದು ಹಗಲು ಸುಮಾರು ನಾಲ್ಕೂವರೆ ಗಂಟೆ. ಮಾರ್ಚ್ 1ಕ್ಕೆ ಅದು ಒಂಬತ್ತು ಗಂಟೆ ದಾಟಿರುತ್ತದೆ. ನಾವು ತೆಗೆಯಬೇಕಿದ್ದ ಚಿತ್ರದ ಕಥೆ ನಡೆಯುವುದು ಮೂರೇ ದಿನಗಳಲ್ಲಿ. ಚಿತ್ರೀಕರಣಕ್ಕೆ ಗೊತ್ತು ಮಾಡಿದ್ದು ಐದು ವಾರ. ಈ ಎರಡು ಲೆಕ್ಕಗಳನ್ನು ಒಂದೇ ಹಾಳೆಯ ಮೇಲೆ ಬರೆದು ನೋಡುವ ಕೆಲಸವನ್ನು ನಮ್ಮಲ್ಲಿ ಯಾರೂ ಮಾಡಿರಲಿಲ್ಲ. ಮಾಡಬೇಕಾಗಿದ್ದವರಲ್ಲಿ ನಾನೂ ಒಬ್ಬ.

ಆ ಚಿತ್ರದಲ್ಲಿ ನನ್ನ ಕೆಲಸ ಕಂಟಿನ್ಯುಟಿ. ಒಂದು ದೃಶ್ಯದ ಶಾಟ್‌ಗಳನ್ನು ಬೇರೆ ಬೇರೆ ದಿನ ತೆಗೆದರೂ ತೆರೆಯ ಮೇಲೆ ಅವು ಒಂದೇ ಗಳಿಗೆಯವು ಎಂದು ಕಾಣಬೇಕು. ಕೋಟಿನ ಗುಂಡಿ ಹಾಕಿತ್ತೇ ಬಿಚ್ಚಿತ್ತೇ, ಲೋಟದಲ್ಲಿ ಕಾಫಿ ಎಷ್ಟಿತ್ತು, ಕಿಟಕಿಯಿಂದ ಬಂದ ಬೆಳಕು ಮೇಜಿನ ಯಾವ ಅಂಚಿನವರೆಗೆ ಬಿದ್ದಿತ್ತು ಎಂದು ಬರೆದಿಟ್ಟುಕೊಳ್ಳುವವನು ನಾನು. ಈ ಬರಹಕ್ಕೂ ಆ ಟಿಪ್ಪಣಿ ಪುಸ್ತಕಗಳೇ ಆಧಾರ. ಚಿತ್ರದ ಹೆಸರು, ಊರು, ವರ್ಷ, ಜೊತೆಗಿದ್ದವರ ಗುರುತು ಯಾವುದನ್ನೂ ಇಲ್ಲಿ ಹೇಳುತ್ತಿಲ್ಲ; ಕಥೆಯ ಒಂದೆರಡು ವಿವರಗಳನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ. ತೆಗೆದುಕೊಂಡ ನಿರ್ಧಾರಗಳನ್ನು ಮಾತ್ರ, ಅವುಗಳ ಹಿಂದಿನ ಕಾರಣಗಳ ಸಮೇತ, ಇದ್ದಂತೆಯೇ ಇಟ್ಟಿದ್ದೇನೆ.

ಹಿನ್ನೆಲೆ

ಇಪ್ಪತ್ತು ವರ್ಷಗಳ ಹಿಂದೆ ಊರು ಬಿಟ್ಟಿದ್ದ ಹೆಣ್ಣುಮಗಳೊಬ್ಬಳು ತಿರುಗಿ ಬರುತ್ತಾಳೆ. ಅವಳ ತಂದೆಯ ಮೀನುದೋಣಿ ಬಾರೆಂಟ್ಸ್ ಸಮುದ್ರದಲ್ಲಿ ಖಾಲಿ ತೇಲುತ್ತಿದ್ದುದು ಸಿಕ್ಕಿದೆ. ತಂದೆ ಸಿಕ್ಕಿಲ್ಲ. ಊರಿನವರಿಗೆ ಏನೋ ಗೊತ್ತಿದೆ, ಯಾರೂ ಬಾಯಿ ಬಿಡುವುದಿಲ್ಲ. ಮೂರು ಹಗಲು, ಎರಡು ರಾತ್ರಿ. ಕೊನೆಯ ಬೆಳಿಗ್ಗೆ ಸತ್ಯ ಹೊರಬೀಳುತ್ತದೆ. ಮೂಲ ಚಿತ್ರಕಥೆಯ ಸಾರ ಇಷ್ಟೇ. ನಿರ್ದೇಶಕಿಗೆ ಇದು ಎರಡನೆಯ ಚಿತ್ರ. ಹಣ ಕಡಿಮೆ, ತಂಡ ಚಿಕ್ಕದು, ನಟರು ಒಳ್ಳೆಯವರು.

ಲೊಕೇಶನ್ ನೋಡಲು ತಂಡ ಹೋಗಿದ್ದು ಆಗಸ್ಟ್‌ನಲ್ಲಿ. ಆ ಕರಾವಳಿಯಲ್ಲಿ ಮರಗಳೇ ಇಲ್ಲವೆಂದರೂ ನಡೆದೀತು. ಬೂದು ಬಂಡೆ, ಬೂದು ಕಡಲು, ಅವೆರಡರ ನಡುವೆ ಒಂದು ರಸ್ತೆ. ಅವರು ಹೋದ ವಾರವೆಲ್ಲ ಸಮುದ್ರದಿಂದ ಮಂಜು ಎದ್ದು ಊರನ್ನು ಮುಚ್ಚಿ ಬಿಡುತ್ತಿತ್ತಂತೆ. ಹತ್ತು ಹೆಜ್ಜೆ ಆಚೆಯ ಮನೆ ಕಾಣದು, ನಾಯಿ ಬೊಗಳುವುದು ಮಾತ್ರ ಕೇಳುವುದು. ಛಾಯಾಗ್ರಾಹಕರು ತೆಗೆದುಕೊಂಡು ಬಂದ ಫೋಟೋಗಳನ್ನು ನೋಡಿದಾಗ ನಮಗೆಲ್ಲ ಇನ್ನು ಚಿತ್ರ ಮುಗಿದಂತೆಯೇ ಅನ್ನಿಸಿತು. ನಿಗೂಢತೆಗೆ ಬೇಕಾದದ್ದೆಲ್ಲ ಆ ಮಂಜಿನಲ್ಲೇ ಇದೆ ಎಂದುಕೊಂಡೆವು.

ಮನೆಯೂ ಸಿಕ್ಕಿತ್ತು. ಆ ಕರಾವಳಿಯ ವಾರ್ಡೊ ಪಟ್ಟಣದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ರಸ್ತೆ ಮುಗಿಯುವ ಕಡೆ, ಹಮ್ನಿಂಗ್‌ಬರ್ಗ್ ಎಂಬ ಹಳೆಯ ಮೀನುಗಾರರ ಊರಿದೆ. 1944ರ ಶರತ್ಕಾಲದಲ್ಲಿ ಜರ್ಮನ್ ಸೇನೆ ಹಿಂದೆ ಸರಿಯುವಾಗ ಫಿನ್‌ಮಾರ್ಕ್ ಪ್ರಾಂತ್ಯದ ಊರುಗಳಿಗೆ ಬೆಂಕಿ ಹಚ್ಚುತ್ತ ಹೋಯಿತು. ಅದಕ್ಕೂ ಮುಂಚೆ ಬಾಂಬ್ ದಾಳಿಗಳಲ್ಲಿ ಉರಿದವು ಬೇರೆ. ಯುದ್ಧಕ್ಕೂ ಹಿಂದಿನ ಮರದ ಮನೆಗಳು ಹಾಗೆಯೇ ಉಳಿದಿರುವ ಅಪರೂಪದ ಜಾಗಗಳಲ್ಲಿ ಹಮ್ನಿಂಗ್‌ಬರ್ಗ್ ಒಂದು. ನಾಯಕಿ ಅಟ್ಟದ ಪೆಟ್ಟಿಗೆಯಲ್ಲಿ ಅಜ್ಜಿಯ 1930ರ ಫೋಟೋ ಕಂಡುಹಿಡಿಯುವ ದೃಶ್ಯಕ್ಕೆ ಅಂಥ ಮನೆಯೇ ಬೇಕಿತ್ತು. ಆದರೆ ಚಳಿಗಾಲದಲ್ಲಿ ಆ ರಸ್ತೆಯನ್ನು ಮುಚ್ಚುತ್ತಾರೆ. ಹಿಮವಾಹನಗಳಲ್ಲಿ ಸಾಮಾನು ಸಾಗಿಸಬಹುದೆಂದು ನಿರ್ಮಾಪಕರು ಲೆಕ್ಕ ಹಾಕಿದ್ದರು, ವಿಮೆಯವರು ಒಪ್ಪಲಿಲ್ಲ. ಹೀಗೆ ಡಿಸೆಂಬರ್‌ನಲ್ಲಿ, ಚಿತ್ರೀಕರಣಕ್ಕೆ ಆರು ವಾರವಿದ್ದಾಗ, ನಾವು ಆಗಸ್ಟ್‌ನಲ್ಲೇ ನೋಡಿಟ್ಟಿದ್ದ ಬೇರೊಂದು ಊರಿಗೆ ಬದಲಾಯಿಸಿಕೊಂಡೆವು. ಅದು ಯುದ್ಧದ ನಂತರ ಕಟ್ಟಿದ ಊರು. ಮನೆಯೊಳಗಿನ ದೃಶ್ಯಗಳಿಗಾಗಿ ಗುಡ್ಡದ ಆಚೆ, ಕಾರಿನಲ್ಲಿ ಎರಡು ಗಂಟೆ ದೂರದ ಪಟ್ಟಣದಲ್ಲಿ, ಒಂದು ದೊಡ್ಡ ಹಾಲ್ ಬಾಡಿಗೆಗೆ ಹಿಡಿದು ಸೆಟ್ ಹಾಕಿಸಿದರು.

ಮೊದಲ ಆರು ದಿನ

ಮೊದಲು ಕೈಕೊಟ್ಟದ್ದು ಗಡಿಯಾರ. ವಾರಂಗರ್‌ನ ಪೂರ್ವ ಅಂಚು 31 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಇಸ್ತಾನ್‌ಬುಲ್‌ಗಿಂತಲೂ ಪೂರ್ವಕ್ಕೆ. ಆದರೆ ಅಲ್ಲಿ ಪಾಲಿಸುವುದು ಓಸ್ಲೋದ ಸಮಯವನ್ನು. ಹಾಗಾಗಿ ಫೆಬ್ರವರಿಯಲ್ಲಿ ಸೂರ್ಯ ನೆತ್ತಿಯ ಕಡೆಗೆ ತನ್ನ ಕೈಲಾದಷ್ಟು ಏರುವುದು ಬೆಳಿಗ್ಗೆ ಹನ್ನೊಂದೂ ಹತ್ತರ ಸುಮಾರಿಗೆ. ದಕ್ಷಿಣದ ಕಚೇರಿಯಲ್ಲಿ ಕುಳಿತು ಶೆಡ್ಯೂಲ್ ಬರೆದವರು ಹನ್ನೆರಡರಿಂದ ಎರಡು ಗಂಟೆಯನ್ನು ಮುಖ್ಯ ಶಾಟ್‌ಗಳಿಗೆ ಮೀಸಲಿಟ್ಟಿದ್ದರು. ಮೊದಲ ದಿನ ಊಟ ಮುಗಿಸಿ, ಕ್ಯಾಮೆರಾ ನಿಲ್ಲಿಸಿ, ನಟಿ ಬಂದು ನಿಂತಾಗ ಒಂದೂಕಾಲು. ಒಂದೂವರೆಗೆಲ್ಲ ಸೂರ್ಯಾಸ್ತ.

ಆ ಸೂರ್ಯನಾದರೂ ಎಷ್ಟು ಮೇಲೇರುತ್ತಾನೆ? ಫೆಬ್ರವರಿ 1ರ ನಡುಹಗಲಿನಲ್ಲಿ ದಿಗಂತದಿಂದ ಎರಡೂವರೆ ಡಿಗ್ರಿಗೂ ಕಡಿಮೆ. ಮುಂದೆ ಚಾಚಿದ ಕೈಯ ಎರಡು ಬೆರಳಿನ ಅಗಲ. ನಾವು ಆರಿಸಿದ ಮನೆಯ ದಕ್ಷಿಣಕ್ಕೆ ಒಂದು ಗುಡ್ಡವಿತ್ತು. ಆಗಸ್ಟ್‌ನಲ್ಲಿ ಅದನ್ನು ಯಾರೂ ಗಮನಿಸಿರಲಿಲ್ಲ, ಗಮನಿಸಲು ಕಾರಣವೂ ಇರಲಿಲ್ಲ. ಜನವರಿಯ ಕೊನೆಯಲ್ಲಿ ಆ ಮನೆಯ ಅಂಗಳಕ್ಕೆ ಬಿಸಿಲೆನ್ನುವುದೇ ಬೀಳಲಿಲ್ಲ.

ಮಂಜು ಬರಲೇ ಇಲ್ಲ. ಅದಕ್ಕೆ ಸರಳವಾದ ಕಾರಣವಿದೆ, ಊರಿನ ಯಾವ ಮೀನುಗಾರನನ್ನು ಕೇಳಿದ್ದರೂ ಹೇಳುತ್ತಿದ್ದ. ಬೇಸಿಗೆಯಲ್ಲಿ ಬೆಚ್ಚಗಿನ ಗಾಳಿ ತಣ್ಣನೆಯ ಕಡಲಿನ ಮೇಲೆ ಹಾಯುವಾಗ ಮಂಜು ಕಟ್ಟುತ್ತದೆ. ಚಳಿಗಾಲದಲ್ಲಿ ಇದು ತಿರುವುಮುರುವು. ಅಟ್ಲಾಂಟಿಕ್‌ನಿಂದ ಬರುವ ಬೆಚ್ಚನೆಯ ಪ್ರವಾಹದಿಂದಾಗಿ ಆ ಕಡಲು ಹೆಪ್ಪುಗಟ್ಟುವುದಿಲ್ಲ; ನೀರೇ ಗಾಳಿಗಿಂತ ಬೆಚ್ಚಗಿರುತ್ತದೆ. ಆಗ ಸಿಗುವುದು ಹಿಮದ ಹೊಡೆತ, ಗಾಳಿ, ಅವುಗಳ ನಡುವೆ ಚಾಕುವಿನಂಥ ತಿಳಿ ಆಕಾಶ. ತೀರಾ ಚಳಿ ಬಿದ್ದ ಬೆಳಿಗ್ಗೆ ನೀರಿನ ಮೇಲೆ ಮೊಣಕಾಲೆತ್ತರದ ಹಬೆ ಓಡಾಡುತ್ತದೆ, ಅಷ್ಟೇ. ನಮ್ಮಲ್ಲಿ ಹೊಗೆ ಬಿಡುವ ಯಂತ್ರವಿತ್ತು. ಎರಡು ದಿನ ಅದರ ಜೊತೆ ಗುದ್ದಾಡಿದೆವು. ಹೊಗೆ ಬಾಯಿಂದ ಹೊರಬಿದ್ದ ಕ್ಷಣವೇ ಗಾಳಿ ಅದನ್ನು ರಷ್ಯಾದ ಕಡೆಗೆ ಒಯ್ಯುತ್ತಿತ್ತು.

ನಾಲ್ಕನೆಯ ದಿನ ಬಿರುಗಾಳಿ. ಹಿಂದಿನ ಸಂಜೆ ನಾಯಕಿಯನ್ನೂ ಪ್ರಸಾಧನದವರನ್ನೂ ಒಳಾಂಗಣದ ದೃಶ್ಯಕ್ಕೆಂದು ಗುಡ್ಡದಾಚೆಯ ಪಟ್ಟಣಕ್ಕೆ ಕಳುಹಿಸಿದ್ದರು. ಬೆಳಿಗ್ಗೆ ಕ್ಯಾಮೆರಾ ವ್ಯಾನು ಹೊರಟರೆ ಗುಡ್ಡದ ಬುಡದಲ್ಲಿ ಗೇಟು ಇಳಿಸಿತ್ತು. ಗಾಳಿ ಜೋರಾದಾಗ ಅಲ್ಲಿ ಹಿಮ ತೆಗೆಯುವ ಲಾರಿಯ ಹಿಂದೆ ಸಾಲುಗಟ್ಟಿಯೇ ಗುಡ್ಡ ದಾಟಬೇಕು. ಇನ್ನೂ ಜೋರಾದರೆ ಆ ಸಾಲೂ ಇಲ್ಲ. ನಟಿ ಗುಡ್ಡದ ಆಚೆ, ಕ್ಯಾಮೆರಾ ಈಚೆ. ಒಂದೂವರೆ ದಿನ ಹಾಗೆಯೇ ಕಳೆಯಿತು. ಹೊರಾಂಗಣ ಸಾಧ್ಯವಿಲ್ಲದ ದಿನ ಒಳಾಂಗಣ ತೆಗೆಯುವುದು ಎಲ್ಲ ಚಿತ್ರತಂಡಗಳಿಗೂ ಗೊತ್ತಿರುವ ಉಪಾಯ. ನಮ್ಮ ಒಳಾಂಗಣವಿದ್ದುದು ಹವಾಮಾನ ಕೆಟ್ಟಾಗಲೇ ತಲುಪಲಾಗದ ಜಾಗದಲ್ಲಿ.

ಆರನೆಯ ದಿನ ಸಂಜೆ ನಾನು ಟಿಪ್ಪಣಿ ಪುಸ್ತಕ ತೆರೆದು ಎರಡು ಫೋಟೋಗಳನ್ನು ಪಕ್ಕಪಕ್ಕ ಇಟ್ಟೆ. ಒಂದೇ ಬಾಗಿಲು, ಗಡಿಯಾರದಲ್ಲಿ ಒಂದೇ ಸಮಯ. ಮೊದಲ ದಿನದ ಬಾಗಿಲು ಗಾಢ ನೀಲಿಯಲ್ಲಿ ಮುಳುಗಿತ್ತು. ಆರನೆಯ ದಿನದ್ದು ಬೂದು, ಅದರ ಬಣ್ಣ ಬಿರುಕು ಬಿಟ್ಟಿದ್ದು ಕೂಡ ಕಾಣುತ್ತಿತ್ತು. ದಿನಕ್ಕೆ ಹತ್ತು ನಿಮಿಷದ ಲೆಕ್ಕದಲ್ಲಿ ಹಗಲು ಬೆಳೆಯುತ್ತಿತ್ತು. ಆರು ದಿನಕ್ಕೆ ಒಂದು ಗಂಟೆ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಇರುವ ಅಂತರ ಒಟ್ಟು ಒಂದೂವರೆ ಗಂಟೆ. ಅಲ್ಲಿ ಬೆಳೆದ ನಾನು ಮಳೆಯನ್ನು ಲೆಕ್ಕ ಹಾಕಲು ಕಲಿತಿದ್ದೆ, ಮೋಡವನ್ನು ಲೆಕ್ಕ ಹಾಕಲು ಕಲಿತಿದ್ದೆ. ಹಗಲನ್ನೇ ಲೆಕ್ಕ ಹಾಕಬೇಕೆಂದು ಹೊಳೆದಿರಲಿಲ್ಲ. ಈ ಎರಡು ಬಾಗಿಲುಗಳನ್ನು ಒಂದೇ ದೃಶ್ಯದಲ್ಲಿ ಜೋಡಿಸಲು ಯಾವ ಸಂಕಲನಕಾರರಿಂದಲೂ ಆಗದು ಎಂದು ನಿರ್ದೇಶಕಿಗೆ ಹೇಳಿದೆ. ಅವರು ಬಹಳ ಹೊತ್ತು ಫೋಟೋಗಳನ್ನೇ ನೋಡುತ್ತಿದ್ದರು. ಆಮೇಲೆ, “ನಾಳೆ ಕೆಲಸ ಬೇಡ, ಎಲ್ಲರೂ ಮಲಗಿ” ಎಂದರು.

ಬಾಗಿಲು ತಟ್ಟಿದ ಸದ್ದು

ಅಂದು ರಾತ್ರಿ ನಡೆದದ್ದು ಯಾರ ಯೋಜನೆಯೂ ಅಲ್ಲ. ತಂದೆಯ ಮನೆ ಎಂದು ತೋರಿಸುತ್ತಿದ್ದ ಮನೆಯಲ್ಲಿ ನಾವು ಮೂರು ಮಂದಿ ಉಳಿದುಕೊಂಡಿದ್ದೆವು. ಆ ಊರಿನ ಎಲ್ಲ ಮನೆಗಳಂತೆ ಅದರ ಅಡುಗೆಮನೆಯ ಕಿಟಕಿಯಲ್ಲೂ ಒಂದು ಚಿಕ್ಕ ದೀಪವಿತ್ತು. ಹಿಂದಿನ ದಿನ ಶಾಟ್‌ಗಾಗಿ ಆರಿಸಿದವರು ಮತ್ತೆ ಹಚ್ಚಿರಲಿಲ್ಲ. ಬೆಳಿಗ್ಗೆ ಇನ್ನೂ ಏಳಾಗಿರಲಿಲ್ಲ. ಹೊರಗೆ ಕತ್ತಲೆ. ಬಾಗಿಲು ತಟ್ಟಿದ ಸದ್ದಾಯಿತು.

ತೆರೆದರೆ ಎದುರುಮನೆಯ ಅಜ್ಜಿ. ಎಂಬತ್ತು ದಾಟಿದವರು. ಮೊಣಕಾಲುದ್ದದ ಹಿಮದಲ್ಲಿ ಕೋಲೂರಿಕೊಂಡು ಬಂದಿದ್ದರು. ರಾತ್ರಿಯುಡುಪಿನ ಮೇಲೆ ಗಂಡಸರ ದಪ್ಪ ಕೋಟು, ರೆಪ್ಪೆಯ ಮೇಲೆ ಹಿಮದ ಪುಡಿ. ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು:

“ಎಲ್ಲರೂ ಸರಿಯಾಗಿದ್ದೀರಾ?”

“ಸರಿಯಾಗಿದ್ದೇವೆ. ಏನಾಯಿತು?”

“ನಿಮ್ಮ ಕಿಟಕಿಯ ದೀಪ ಆರಿತ್ತು.”

ಅಷ್ಟು ಹೇಳಿ ಹಿಂತಿರುಗಿ ಹೊರಟರು. ಒಳಗೆ ಬನ್ನಿ, ಕಾಫಿ ಕುಡಿದು ಹೋಗಿ ಎಂದು ಒತ್ತಾಯಿಸಿ ಕೂರಿಸಿದೆವು. ಕತ್ತಲ ತಿಂಗಳುಗಳಲ್ಲಿ ತಮ್ಮ ಬೀದಿಯಲ್ಲಿ ಕಿಟಕಿಯ ದೀಪವನ್ನು ಯಾರೂ ಆರಿಸುವುದಿಲ್ಲ, ಆರಿದ್ದು ಕಂಡರೆ ಪಕ್ಕದವರು ಹೋಗಿ ಬಾಗಿಲು ತಟ್ಟುತ್ತಾರೆ ಎಂದರು. ಇದು ಯಾರೂ ಮಾಡಿದ ನಿಯಮವಲ್ಲ, ತಾವು ಚಿಕ್ಕವರಿದ್ದಾಗಿನಿಂದ ಹಾಗೆಯೇ ನಡೆದುಬಂದಿದೆ ಎಂದರು. ನಿರ್ದೇಶಕಿ ಹೊದ್ದಿದ್ದ ಕಂಬಳಿಯ ಸಮೇತ ಕೋಣೆಯಿಂದ ಹೊರಗೆ ಬಂದು ಬಾಗಿಲಲ್ಲಿ ನಿಂತೇ ಇದನ್ನೆಲ್ಲ ಕೇಳುತ್ತಿದ್ದರು.

ಮೂಲ ಚಿತ್ರಕಥೆಯಲ್ಲಿ ನೆರೆಮನೆಯವನೇ ಅಪರಾಧಿ. ಅವನ ಮೇಲೆ ಅನುಮಾನ ಬರುವುದು ದೋಣಿಮನೆಯಲ್ಲಿ ಸಿಗುವ ಒಂದು ಕೈಗವಸಿನಿಂದ. ಎಷ್ಟೋ ಪತ್ತೇದಾರಿ ಕಥೆಗಳಲ್ಲಿ ಸಿಗುವಂಥ ಕೈಗವಸು. ಅಜ್ಜಿ ಹೋದ ಮೇಲೆ ನಿರ್ದೇಶಕಿ ಕೇಳಿದ್ದು ಒಂದೇ ಪ್ರಶ್ನೆ: “ತಂದೆಯ ಕಿಟಕಿಯ ದೀಪ ಎರಡು ರಾತ್ರಿ ಆರಿತ್ತು. ಎದುರುಮನೆಯವನು ನೋಡಿದ್ದಾನೆ. ಯಾಕೆ ಹೋಗಿ ಬಾಗಿಲು ತಟ್ಟಲಿಲ್ಲ?”

ಆ ಗಳಿಗೆಯಲ್ಲಿ ನಮ್ಮ ಚಿತ್ರ ಬದಲಾಯಿತು. ಮಂಜು, ಕತ್ತಲೆ, ಕೈಗವಸು ಯಾವುದೂ ಬೇಕಿರಲಿಲ್ಲ. ಎಲ್ಲರ ಕಣ್ಣೆದುರಿಗೇ ಇರುವ ಒಂದು ಕಿಟಕಿ ಸಾಕಾಗಿತ್ತು.

ಸಭೆ

ಮಧ್ಯಾಹ್ನ ಅಡುಗೆಮನೆಯ ಮೇಜಿನ ಸುತ್ತ ಕುಳಿತೆವು. ನಿರ್ಮಾಪಕರ ಮುಂದೆ ಮೂರು ದಾರಿಗಳಿದ್ದವು. ಸಾಮಾನು ಕಟ್ಟಿಕೊಂಡು ದಕ್ಷಿಣಕ್ಕೆ ಹೋಗಿ ಉಳಿದದ್ದನ್ನು ಸ್ಟುಡಿಯೋದಲ್ಲಿ ಕೃತಕ ಬೆಳಕಿನಲ್ಲಿ ಮುಗಿಸುವುದು. ದಿನಾ ಬೆಳಿಗ್ಗೆ ಮತ್ತು ಮಧ್ಯಾಹ್ನದ ಮುಸ್ಸಂಜೆ ಬೆಳಕಿನಲ್ಲಿ ಮಾತ್ರ ತೆಗೆಯುತ್ತ ಹೋಗುವುದು. ಆ ಅಕ್ಷಾಂಶದಲ್ಲಿ ಫೆಬ್ರವರಿಯ ಆರಂಭದಲ್ಲಿ ಈ ನೀಲಿ ಬೆಳಕು ಸೂರ್ಯೋದಯಕ್ಕೆ ಮುಂಚೆ ಒಂದೂವರೆ ಗಂಟೆ, ಸೂರ್ಯಾಸ್ತದ ನಂತರ ಒಂದೂವರೆ ಗಂಟೆ ಇರುತ್ತದೆ. ಬೆಂಗಳೂರಿನಲ್ಲಿ ಇಪ್ಪತ್ತು ನಿಮಿಷದ ಆಸುಪಾಸು. ಛಾಯಾಗ್ರಾಹಕರು ಈ ದಾರಿಯ ಪರ. ಮೂರನೆಯದು, ಕಥೆಯನ್ನೇ ಐದು ವಾರಕ್ಕೆ ಹಿಗ್ಗಿಸಿ ಬೆಳಕು ಬಂದಂತೆ ಅನುಕ್ರಮದಲ್ಲಿ ತೆಗೆಯುವುದು.

ಅನುಕ್ರಮದಲ್ಲಿ ತೆಗೆಯುವುದೆಂದರೆ ನಿರ್ಮಾಪಕರಿಗೆ ಜ್ವರ ಬರುವ ಮಾತು. ಒಬ್ಬ ನಟನ ಎಲ್ಲ ದೃಶ್ಯಗಳನ್ನೂ ಒಂದೇ ವಾರದಲ್ಲಿ ತೆಗೆದು ಕಳುಹಿಸಿಕೊಡುವಂತಿಲ್ಲ. ಎಲ್ಲರೂ ಕೊನೆಯವರೆಗೂ ಇರಬೇಕು, ಎಲ್ಲರ ಊಟ ವಸತಿ ನೋಡಬೇಕು. ಹಣ ಎಲ್ಲಿಂದ? ಮಾತು ಅಲ್ಲಿಗೇ ಬಂದು ನಿಂತಿತು.

ದಾರಿ ತೋರಿದವರು ಕಲಾ ವಿಭಾಗದ ಕಿರಿಯ ಸಹಾಯಕಿ. ಊರಿನಲ್ಲೇ ಮುಚ್ಚಿಹೋದ ಮೀನು ಖರೀದಿಯ ಶೆಡ್ಡೊಂದಿದೆ, ಅದನ್ನು ಯಾಕೆ ಕೇಳಬಾರದು ಎಂದರು. ಪಟ್ಟಣದ ಹಾಲ್ ಬಿಟ್ಟುಕೊಟ್ಟರೆ ಉಳಿದ ನಾಲ್ಕು ವಾರದ ಬಾಡಿಗೆ ಉಳಿಯುತ್ತದೆ, ಗುಡ್ಡ ದಾಟುವ ಓಡಾಟ ತಪ್ಪುತ್ತದೆ, ಬಿರುಗಾಳಿಯ ದಿನ ಹತ್ತು ನಿಮಿಷ ನಡೆದು ಒಳಾಂಗಣಕ್ಕೆ ಹೋಗಬಹುದು. ಸಂಜೆಯೊಳಗೆ ಶೆಡ್ಡಿನ ಬೀಗದ ಕೈ ಸಿಕ್ಕಿತು. ಒಳಗೆ ಮೀನಿನ ವಾಸನೆ ಎಷ್ಟಿತ್ತೆಂದರೆ ವಾರಗಟ್ಟಲೆ ನಮ್ಮ ಬಟ್ಟೆಗಳಿಂದ ಹೋಗಲಿಲ್ಲ. ಆದರೆ ಗೋಡೆಗಳು ಗಟ್ಟಿಯಾಗಿದ್ದವು, ವಿದ್ಯುತ್ ಇತ್ತು.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡಬೇಕು. ಈ ಚಿತ್ರದ ಬಗ್ಗೆ ಮಾತಾಡುವಾಗ ಎಲ್ಲರೂ ಚಿತ್ರಕಥೆ ಬದಲಿಸಿದ ಧೈರ್ಯವನ್ನು ಹೊಗಳುತ್ತಾರೆ. ಆ ಧೈರ್ಯ ನಿಜ. ಆದರೆ ಶೆಡ್ಡು ಸಿಗದಿದ್ದರೆ ಹೊಸ ಚಿತ್ರಕಥೆ ಎರಡನೆಯ ಬಿರುಗಾಳಿಯಲ್ಲೇ ಮುಗಿದುಹೋಗುತ್ತಿತ್ತು. ಚಿತ್ರವನ್ನು ಉಳಿಸಿದ್ದು ಆ ಸಹಾಯಕಿ ಎಂದೇ ನಾನು ಇಂದಿಗೂ ನಂಬಿದ್ದೇನೆ.

ನಿರ್ಮಾಪಕರು ಮಾಡಿದ ಇನ್ನೊಂದು ಒಳ್ಳೆಯ ಕೆಲಸವನ್ನೂ ಹೇಳಬೇಕು. ಹಣ ಹಾಕಿದವರಿಗೆ ಅವರು ಅದೇ ರಾತ್ರಿ ಫೋನ್ ಮಾಡಿದರು. ನನ್ನ ಎರಡು ಬಾಗಿಲಿನ ಫೋಟೋಗಳನ್ನೇ ಅವರಿಗೆ ಕಳುಹಿಸಿದರು. ಇನ್ನಷ್ಟು ದಿನ ನೋಡಿಕೊಂಡು ಹೇಳಿದರಾಯಿತು ಎಂದು ಕಾಯ್ದಿದ್ದರೆ ಅನುಮತಿ ಸಿಗುತ್ತಿರಲಿಲ್ಲ.

ಹೊಸ ಚಿತ್ರಕಥೆ ನಾಲ್ಕು ರಾತ್ರಿಗಳಲ್ಲಿ ಸಿದ್ಧವಾಯಿತು. ಮೂರು ಭಾಗ: ಜನವರಿಯ ಕೊನೆ, ಫೆಬ್ರವರಿಯ ನಡು, ಫೆಬ್ರವರಿಯ ಕೊನೆ. ಮೂರು ದಿನಕ್ಕೆಂದು ಬಂದ ಮಗಳು ತನಿಖೆ ಮುಗಿಯದೆ, ದೇಹ ಸಿಗದೆ ಅಲ್ಲಿಯೇ ಉಳಿಯುತ್ತಾಳೆ. ಅವಸರದ ಕಥೆ ಕಾಯುವ ಕಥೆಯಾಯಿತು. ಬೆಳಕು ಹೆಚ್ಚುತ್ತ ಹೋದಂತೆ ಊರು ಪೂರ್ತಿ ಕಾಣತೊಡಗುತ್ತದೆ. ಆದರೆ ಕಾಣಬೇಕಾದ್ದು ಕಾಣುವುದಿಲ್ಲ. ಕೊನೆಯ ದೃಶ್ಯವನ್ನು ಕತ್ತಲೆಯಿಂದ ತೆಗೆದು ಉರಿಬಿಸಿಲಿನ ಹಿಮದ ಬಯಲಿಗೆ ಹಾಕಿದರು. ಕೊನೆಯವರೆಗೂ ಇರಲಾಗದ ಒಬ್ಬ ನಟನ ಪೊಲೀಸ್ ಪಾತ್ರ ಫೋನಿನ ದನಿಯಾಗಿ ಉಳಿಯಿತು.

ಮುಂದಿನ ನಾಲ್ಕು ವಾರ

ಅಟ್ಟದ ಫೋಟೋದ ದೃಶ್ಯ ಮೊದಲು ಹೋಯಿತು. ಯುದ್ಧದ ನಂತರ ಕಟ್ಟಿದ ಮನೆಯಲ್ಲಿ 1930ರ ಫೋಟೋ ಎಲ್ಲಿಂದ ಬಂದೀತು ಎಂದು ಕೇಳಿದವರೂ ಅದೇ ಅಜ್ಜಿ. ಊರು ಉರಿದಾಗ ಜನ ಉಟ್ಟ ಬಟ್ಟೆಯಲ್ಲಿ ಹೊರಟವರು. ಅವರ ಮನೆಯಲ್ಲೇ ಅವರ ತಾಯಿಯ ಒಂದೂ ಬಾಲ್ಯದ ಚಿತ್ರವಿಲ್ಲ. ಆ ದೃಶ್ಯದ ಜಾಗದಲ್ಲಿ ನಾಯಕಿ ಅಟ್ಟ ಹತ್ತಿ ಪೆಟ್ಟಿಗೆ ತೆರೆದು ಅದರಲ್ಲಿ ಏನೂ ಇಲ್ಲದ್ದನ್ನು ನೋಡುವ ದೃಶ್ಯ ಬಂತು. ಚಿತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ನಿಮಿಷ ಅದು.

ಎರಡನೆಯದು ಇನ್ನೂ ಮುಖ್ಯ. ಮೂಲ ಚಿತ್ರಕಥೆಯಲ್ಲಿ ಹಿಮಸಾರಂಗ ಸಾಕುವ, ಆ ಭಾಗದ ಮೂಲನಿವಾಸಿಗಳಾದ ಸಾಮಿ ಸಮುದಾಯದ ಮುದುಕನೊಬ್ಬನಿದ್ದ. ಅವನು ಎಲ್ಲ ಬಲ್ಲವನು, ಒಗಟಾಗಿ ಮಾತಾಡುವವನು, ಹಿನ್ನೆಲೆಯಲ್ಲಿ ಸಾಮಿ ಜನರ ಸಾಂಪ್ರದಾಯಿಕ ಯೋಯ್ಕ್ ಹಾಡು. ತಂಡದಲ್ಲಿದ್ದ ಸಾಮಿ ಸಮುದಾಯದ ಧ್ವನಿ ಸಹಾಯಕರು ಸಭೆಯ ಮರುದಿನ ನಿರ್ದೇಶಕಿಯ ಬಳಿ ಹೋಗಿ, ನಮ್ಮ ಜನರನ್ನು ನಿಗೂಢ ಸಾಮಗ್ರಿಯಾಗಿ ಬಳಸಬೇಡಿ ಎಂದು ನೇರವಾಗಿ ಹೇಳಿದರು. ಯೋಯ್ಕ್ ಎನ್ನುವುದು ಒಬ್ಬರ ಬಗ್ಗೆ ಹಾಡುವ ಹಾಡಲ್ಲ, ಆ ವ್ಯಕ್ತಿಯನ್ನೇ ಹಾಡುವುದು. ಅದು ಆ ವ್ಯಕ್ತಿಗೆ ಸೇರಿದ್ದು, ಮಂಜಿನ ಹಾಗೆ ಎಲ್ಲೆಂದರಲ್ಲಿ ಹರಡುವಂಥದ್ದಲ್ಲ ಎಂದು ವಿವರಿಸಿದರು. ಪಾತ್ರವನ್ನು ತೆಗೆದರು. ಅದರ ಬದಲು ರಸ್ತೆಯ ಹಿಮ ತೆಗೆಯುವ ಲಾರಿಯ ಚಾಲಕಿಯಾಗಿ ಒಬ್ಬ ಸಾಮಿ ಹೆಂಗಸು ಬಂದರು. ಅವರಿಗೆ ಗೊತ್ತಿರುವುದು ಯಾವ ರಾತ್ರಿ ಯಾರ ಕಾರು ಗುಡ್ಡ ದಾಟಿತು ಎಂಬುದು. ಕಾಡಿನ, ಗುಡ್ಡದ ಜನರನ್ನು ಮಾಟಗಾರರಂತೆ ತೋರಿಸುವ ಅಭ್ಯಾಸ ನಮ್ಮ ಕಡೆಯ ಚಿತ್ರಗಳಲ್ಲೂ ಇದೆ. ಅದನ್ನು ನೋಡುತ್ತಲೇ ಬೆಳೆದ ನನಗೆ ಮೂಲ ಚಿತ್ರಕಥೆ ಓದಿದಾಗ ಏನೂ ಅನ್ನಿಸಿರಲಿಲ್ಲ ಎಂಬುದು ಈಗ ನೋವು ಕೊಡುತ್ತದೆ.

ಕೆಲಸದ ಕಷ್ಟಗಳು ಮುಗಿದವೆಂದಲ್ಲ. ಬ್ಯಾಟರಿಗಳು ಚಳಿಗೆ ಅರ್ಧದಲ್ಲೇ ಕೈಬಿಡುತ್ತಿದ್ದವು. ಕ್ಯಾಮೆರಾ ಸಹಾಯಕರು ಅವನ್ನು ಅಂಗಿಯೊಳಗೆ ಎದೆಗೆ ಒತ್ತಿಟ್ಟುಕೊಂಡು ಓಡಾಡುತ್ತಿದ್ದರು. ಹೊರಗಿನ ಕ್ಯಾಮೆರಾವನ್ನು ನೇರವಾಗಿ ಬೆಚ್ಚನೆಯ ಕೋಣೆಗೆ ತಂದರೆ ಲೆನ್ಸಿನೊಳಗೆ ಹನಿ ಕಟ್ಟುತ್ತದೆಂದು ಅದನ್ನು ರಾತ್ರಿಯೂ ತಣ್ಣನೆಯ ಶೆಡ್ಡಿನಲ್ಲೇ ಬಿಡುತ್ತಿದ್ದೆವು.

ಹಿಮದ ಮೇಲಿನ ಹೆಜ್ಜೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎರಡನೆಯ ಭಾಗದಲ್ಲಿ ನಾಯಕಿ ಯಾರೂ ತುಳಿಯದ ಹಿಮದ ಮೇಲೆ ಒಬ್ಬಳೇ ದೋಣಿಮನೆಯವರೆಗೆ ನಡೆಯುವ ದೃಶ್ಯವಿದೆ. ಅಂಥ ಶಾಟಿಗೆ ಒಂದೇ ಟೇಕ್. ಎರಡನೆಯ ಟೇಕ್‌ಗೆ ಹಿಮವೇ ಉಳಿದಿರುವುದಿಲ್ಲ. ನಾವು ಬಯಲಿನ ಅಂಚಿಗೆ ಕೆಂಪು ಹಗ್ಗ ಕಟ್ಟಿ, ತಂಡದ ಎಲ್ಲರೂ ಅದರಾಚೆಯ ಒಂದೇ ಕಾಲುದಾರಿಯಲ್ಲಿ ನಡೆಯಬೇಕೆಂದು ಕಟ್ಟುನಿಟ್ಟು ಮಾಡಿದ್ದೆವು. ಶಾಟಿಗೆ ಐದು ನಿಮಿಷವಿದ್ದಾಗ ಬ್ಯಾಟರಿ ತರಲು ಹೊರಟ ಹುಡುಗನೊಬ್ಬ ಅವಸರದಲ್ಲಿ ಹಗ್ಗ ದಾಟಿ ನಡುವೆ ಹತ್ತು ಹೆಜ್ಜೆ ಇಟ್ಟುಬಿಟ್ಟ. ಅವನ ಮುಖ ಬಿಳಿಚಿಕೊಂಡಿತು. ಯಾರೂ ಬೈಯಲಿಲ್ಲ. ಮತ್ತೆ ಹಿಮ ಬೀಳಲು ಎರಡು ದಿನ ಕಾಯ್ದೆವು, ಅಷ್ಟರಲ್ಲಿ ಶೆಡ್ಡಿನೊಳಗೆ ನಾಲ್ಕು ದೃಶ್ಯ ಮುಗಿಸಿದೆವು. ಮೂರನೆಯ ಬೆಳಿಗ್ಗೆ ಹೊಸ ಹಿಮದ ಮೇಲೆ ನಡೆದ ನಟಿ, ಅರ್ಧ ದಾರಿಯಲ್ಲಿ ಕಾಲು ಹೂತು ನಿಜವಾಗಿಯೇ ಮುಗ್ಗರಿಸಿದರು. ಕಟ್ ಹೇಳಲು ನಿರ್ದೇಶಕಿಯ ಬಾಯಿ ತೆರೆಯಿತು, ಹೇಳಲಿಲ್ಲ. ನಟಿ ಎದ್ದು, ಕೈಯ ಹಿಮವನ್ನೂ ಒರೆಸಿಕೊಳ್ಳದೆ ಮುಂದೆ ನಡೆದರು. ಆ ಹೆಜ್ಜೆಗುರುತುಗಳ ನಡುವಿನ ಹಳ್ಳ ಮುಂದಿನ ಮೂರು ಶಾಟ್‌ಗಳಲ್ಲೂ ಇರಬೇಕಿತ್ತು. ಅದರ ಅಳತೆ, ದಿಕ್ಕು, ದೂರ ನನ್ನ ಪುಸ್ತಕದ ಒಂದು ಪುಟ ತುಂಬ ಇದೆ.

ಧ್ವನಿಯವರು ಇನ್ನೊಂದು ಪಾಠ ಕಲಿಸಿದರು. ಅವರ ಪೆಟ್ಟಿಗೆಯಲ್ಲಿ ಯಾವಾಗಲೂ ಒಂದು ಥರ್ಮಾಮೀಟರ್ ಇರುತ್ತಿತ್ತು. ಮೈನಸ್ ಹನ್ನೆರಡರಲ್ಲಿ ಹಿಮ ಕಾಲಡಿ ಕಿರುಗುಟ್ಟುತ್ತದೆ, ಮೈನಸ್ ಎರಡರಲ್ಲಿ ಮೆತ್ತಗೆ ನುಂಗಿಕೊಳ್ಳುತ್ತದೆ. ಬೇರೆ ಬೇರೆ ಚಳಿಯಲ್ಲಿ ತೆಗೆದ ಎರಡು ಶಾಟ್ ಪಕ್ಕಪಕ್ಕ ಬಂದರೆ ಕಣ್ಣಿಗೆ ತಿಳಿಯದಿದ್ದರೂ ಕಿವಿಗೆ ತಿಳಿಯುತ್ತದೆ. ಅಂದಿನಿಂದ ನನ್ನ ಟಿಪ್ಪಣಿಯಲ್ಲೂ ಪ್ರತಿ ಶಾಟಿನ ಪಕ್ಕ ಉಷ್ಣಾಂಶದ ಅಂಕಿ ಬಂತು.

ಆದದ್ದು

ಚಿತ್ರ ನಿಗದಿಯಾದ ದಿನಕ್ಕಿಂತ ಎರಡು ದಿನ ತಡವಾಗಿ ಮುಗಿಯಿತು. ಮೊದಲ ಆರು ದಿನಗಳ ಕೆಲಸದಲ್ಲಿ ಅಂತಿಮ ಚಿತ್ರದಲ್ಲಿ ಉಳಿದದ್ದು ಹನ್ನೊಂದು ಶಾಟ್. ಅವುಗಳಲ್ಲಿ ಒಂದು ಆ ನೀಲಿ ಬಾಗಿಲು. ಚಿತ್ರ ಶುರುವಾಗುವುದೇ ಅದರಿಂದ.

ದೋಷಗಳಿವೆ. ನಡುಭಾಗ ಸಡಿಲ. ನಾಲ್ಕು ರಾತ್ರಿಯಲ್ಲಿ ಬರೆದದ್ದು ಗೊತ್ತಾಗುತ್ತದೆ. ಪೊಲೀಸ್ ಪಾತ್ರ ಬರೀ ದನಿಯಾದ್ದರಿಂದ ತನಿಖೆಯ ಎಳೆ ಸೊರಗಿತು. ಮೂರು ದಿನದ ಕಥೆಗಿದ್ದ ಬಿಗಿ ಐದು ವಾರದ ಕಥೆಗಿಲ್ಲ ಎಂದು ಬರೆದ ವಿಮರ್ಶಕರು ತಪ್ಪು ಹೇಳಲಿಲ್ಲ. ಒಳಾಂಗಣದ ಸೆಟ್ಟು ಮೊದಲೇ ಊರಿನಲ್ಲಿದ್ದಿದ್ದರೆ, ಒಮ್ಮೆಯಾದರೂ ಜನವರಿಯಲ್ಲಿ ಹೋಗಿ ನೋಡಿ ಬಂದಿದ್ದರೆ, ಆ ನಾಲ್ಕು ರಾತ್ರಿ ನಾಲ್ಕು ತಿಂಗಳಾಗುತ್ತಿತ್ತು.

ನಮ್ಮಲ್ಲಿ ಆಗುಂಬೆ, ಕುದುರೆಮುಖದ ಕಡೆಗೆ ಜುಲೈಯಲ್ಲಿ ಕ್ಯಾಮೆರಾ ಹೊತ್ತು ಹೊರಡುವ ಯುವ ನಿರ್ದೇಶಕರು ಆಗಾಗ ನನ್ನ ಜೊತೆ ಮಾತಾಡುತ್ತಾರೆ. ಹೆಚ್ಚಿನವರು ಲೊಕೇಶನ್ ನೋಡಿ ಬಂದಿರುವುದು ಡಿಸೆಂಬರ್‌ನಲ್ಲಿ. ನಾನು ಅವರಿಗೆ ಎರಡು ಪ್ರಶ್ನೆ ಕೇಳುತ್ತೇನೆ. ಸೇತುವೆ ಮುಳುಗಿದ ದಿನ ನಿಮ್ಮ ನಟಿ ಹೊಳೆಯ ಯಾವ ದಡದಲ್ಲಿ ಇರುತ್ತಾರೆ? ಆ ಊರಿನಲ್ಲಿ ನೀವು ಯಾರ ಮನೆಯ ಅಡುಗೆಮನೆಯಲ್ಲಿ ಕುಳಿತು ಕಾಫಿ ಕುಡಿದಿದ್ದೀರಿ? ಎರಡನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಇನ್ನೊಮ್ಮೆ ಹೋಗಿ ಬನ್ನಿ ಎನ್ನುತ್ತೇನೆ, ಕ್ಯಾಮೆರಾ ಇಲ್ಲದೆ.

ಊರಿನ ಪ್ರದರ್ಶನ

ಮುಂದಿನ ಚಳಿಗಾಲದಲ್ಲಿ ಆ ಊರಿನ ಸಮುದಾಯ ಭವನದಲ್ಲಿ ಚಿತ್ರ ತೋರಿಸಿದೆವು. ಮಡಚುವ ಕುರ್ಚಿಗಳು, ಗೋಡೆಗೆ ಬಿಳಿ ಪರದೆ, ಹಿಂದಿನ ಮೇಜಿನ ಮೇಲೆ ಕಾಫಿ ಮತ್ತು ಕೇಕು. ಬೇರೆ ಊರುಗಳಲ್ಲಿ ಚಿತ್ರ ನೋಡಿದವರು ಕೊನೆಯ ಬಿಸಿಲಿನ ದೃಶ್ಯದವರೆಗೂ ಅಪರಾಧಿ ಯಾರೆಂದು ಊಹಿಸುತ್ತಿದ್ದರು. ಅಲ್ಲಿ ಸಭಾಂಗಣದಲ್ಲಿ ಏಳುವ ಉದ್ಗಾರವನ್ನು ಕೇಳುವುದಕ್ಕೆಂದೇ ನಾವು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆವು.

ಈ ಊರಿನಲ್ಲಿ ಹಾಗಾಗಲಿಲ್ಲ. ಚಿತ್ರ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಎದುರುಮನೆಯವನು ನಾಯಕಿಗೆ ಹೇಳುತ್ತಾನೆ: “ದೀಪ ಆರಿದ್ದು ನೋಡಿದೆ. ಬೇಗ ಮಲಗಿರಬೇಕು ಎಂದುಕೊಂಡೆ.” ಬೇರೆಡೆ ಯಾರ ಗಮನವನ್ನೂ ಸೆಳೆಯದೆ ಹಾದುಹೋಗುತ್ತಿದ್ದ ಮಾತು. ಇಲ್ಲಿ ಕುರ್ಚಿಗಳ ಕಿರುಗುಟ್ಟು ನಿಂತಿತು. ಕಾಫಿ ಲೋಟ ಕೆಳಗಿಡುವ ಸದ್ದೂ ಇಲ್ಲ. ಉಳಿದ ಚಿತ್ರವನ್ನೆಲ್ಲ ಅವರು ಅದೇ ಮೌನದಲ್ಲಿ ನೋಡಿದರು.

ದೀಪಗಳು ಹತ್ತಿದ ಮೇಲೆ ನಿರ್ದೇಶಕಿ ಅಜ್ಜಿಯ ಪಕ್ಕ ಹೋಗಿ ಕುಳಿತರು. ಗುಟ್ಟು ಅಷ್ಟು ಬೇಗ ರಟ್ಟಾಗಿಹೋಯಿತಲ್ಲ ಎಂಬ ಚಿಂತೆ ಅವರ ಮುಖದಲ್ಲಿತ್ತು.

“ನಿಮಗೆ ಆಗಲೇ ಗೊತ್ತಾಯಿತೇ?” ಎಂದು ಕೇಳಿದರು.

“ಅವನು ಹಾಗೆ ಹೇಳಿದ ಕೂಡಲೇ ಎಲ್ಲರಿಗೂ ಗೊತ್ತಾಯಿತು,” ಎಂದರು ಅಜ್ಜಿ. “ಆಮೇಲೆ ನಾವು ಕಾಯುತ್ತಿದ್ದದ್ದು ಅದಕ್ಕಲ್ಲ. ಅಷ್ಟು ವರ್ಷ ಎದುರುಬದುರು ಇದ್ದವನು ಯಾಕೆ ಹಾಗೆ ಮಾಡಿದ ಎಂದು ತಿಳಿಯಬೇಕಿತ್ತು. ಅದನ್ನು ನೀನು ಪೂರ್ತಿ ಹೇಳಲಿಲ್ಲ.”

ನಿರ್ದೇಶಕಿ ಏನೂ ಹೇಳದೆ ತಲೆಯಾಡಿಸಿದರು. ಅಜ್ಜಿ ಕೋಟು ಹಾಕಿಕೊಳ್ಳಲು ಎದ್ದರು. ನಾನು ತೋಳು ಹಿಡಿದೆ. ಹೊರಗೆ ಹಿಮ ಬೀಳುತ್ತಿತ್ತು, ಇಳಿಜಾರಿನುದ್ದಕ್ಕೂ ಮನೆಗಳ ಕಿಟಕಿಗಳಲ್ಲಿ ದೀಪ ಉರಿಯುತ್ತಿತ್ತು. ನಾವು ಉಳಿದುಕೊಂಡಿದ್ದ ಮನೆಯಲ್ಲಿ ಈಗ ಯಾರೋ ಹೊಸಬರು ಬಂದಿದ್ದರು. ಅಜ್ಜಿ ಮೆಟ್ಟಿಲಿಳಿಯುವ ಮುನ್ನ ನಿಂತು ಆ ಕಿಟಕಿಯ ಕಡೆಗೆ ನೋಡಿದರು, ಆಮೇಲೆ ಕೋಲೂರಿ ನಡೆದರು.